ನಡುವೆ ಕಳೆದುಹೋದ ಒಂದು ಚದರ

ಕಳೆದ ವರ್ಷ ದಸರಾ ರಜೆ ಮುಗಿದು ಶಾಲೆ ತೆರೆದಿದ್ದ ವಾರದ ಮಾತು. ಸಂಜೆ ಕಚೇರಿಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲೇ ಮನೆಯಲ್ಲಿ ಏನೋ ನಡೆದಿದೆಯೆಂದು ಗೊತ್ತಾಯಿತು. ಟೀವಿ ಹಾಕಿರಲಿಲ್ಲ. ಒಂಬತ್ತನೇ ತರಗತಿಯ ಮಗಳು ಕೋಣೆಯ ಬಾಗಿಲನ್ನು ಮುಂದೆ ಮಾಡಿಕೊಂಡು ಒಳಗೆ ಕೂತಿದ್ದಳು. ಹೆಂಡತಿ ಅಡುಗೆಮನೆಯಿಂದಲೇ ಕಣ್ಸನ್ನೆಯಲ್ಲಿ ಊಟದ ಮೇಜನ್ನು ತೋರಿಸಿದಳು. ಅಲ್ಲಿ ಗಣಿತದ ಕಿರುಪರೀಕ್ಷೆಯ ಉತ್ತರಪತ್ರಿಕೆ ಇತ್ತು. 25ಕ್ಕೆ 8. ಕೆಳಗೆ ‘ಪೋಷಕರ ಸಹಿ’ ಎಂದು ಬರೆದು ಗೆರೆ ಎಳೆದಿದ್ದರು.

ಕೂತು ನೋಡಿದೆ. ಪಠ್ಯಪುಸ್ತಕದಲ್ಲಿ ಚರಾಕ್ಷರಕ್ಕೆ ಎಕ್ಸ್ ಎನ್ನುತ್ತಾರೆ. ನಾನು ಇಲ್ಲಿ ‘ಅ’ ಎಂದು ಬರೆಯುತ್ತೇನೆ. ಹೆಸರು ಬದಲಾಯಿತೆಂದು ಲೆಕ್ಕವೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಮೊದಲನೆಯದು, (ಅ + 5)² ಇದನ್ನು ವಿಸ್ತರಿಸಿ. ಮಗಳು ಅ² + 25 ಎಂದು ಬರೆದಿದ್ದಳು. ಎರಡನೆಯದು, 3ಅ² + 4ಅ + ಅ ಇದನ್ನು ಸುಲಭ ರೂಪಕ್ಕೆ ತನ್ನಿ. 3ಅ² + 5ಅ ಎಂಬಲ್ಲಿಯವರೆಗೆ ಸರಿಯಾಗಿ ಬಂದು, ಅಲ್ಲಿ ನಿಲ್ಲಲಾರದೆ 8ಅ³ ಎಂದು ಮುಗಿಸಿದ್ದಳು. ಮೂರನೆಯದರಲ್ಲಿ (3ಅ)² ಎಂಬುದು 3ಅ² ಆಗಿತ್ತು. ಪ್ರತಿಯೊಂದಕ್ಕೂ ಕೆಂಪು ಶಾಯಿಯ ದಪ್ಪ ಕಾಟು.

ಮಗಳನ್ನು ಕರೆದೆ. ದನಿ ಸ್ವಲ್ಪ ಏರಿತ್ತು ಎನ್ನಬೇಕು. “ಎ ಪ್ಲಸ್ ಬಿ ಹೋಲ್ ಸ್ಕ್ವೇರ್ ಎಷ್ಟು?” ಎಂದು ಕೇಳಿದೆ.

ಅವಳು ನೆಲ ನೋಡುತ್ತಲೇ ಉಸಿರು ಬಿಡದೆ ಒಪ್ಪಿಸಿದಳು: “ಎ ಸ್ಕ್ವೇರ್ ಪ್ಲಸ್ ಟೂ ಎ ಬಿ ಪ್ಲಸ್ ಬಿ ಸ್ಕ್ವೇರ್.” ಒಂದಕ್ಷರ ತಪ್ಪಲಿಲ್ಲ.

“ಮತ್ತೆ ಇಲ್ಲಿ ಯಾಕೆ ಬರೀಲಿಲ್ಲ?”

“ಇಲ್ಲಿ ಎ ಬಿ ಇಲ್ವಲ್ಲಪ್ಪ.”

ಈಗ ಯೋಚಿಸಿದರೆ ಅದಕ್ಕಿಂತ ಪ್ರಾಮಾಣಿಕವಾದ ಉತ್ತರವಿಲ್ಲ. ಅಂದು ಮಾತ್ರ ನನಗೆ ತಲೆ ಕೆಟ್ಟಿತು. ಆಡಬಾರದ ಒಂದೆರಡು ಮಾತು ಆಡಿದೆ. ಅವು ಇಲ್ಲಿ ಬೇಡ. ಅವಳು ಪುಸ್ತಕ ಮುಚ್ಚಿ, “ನಂಗೆ ಲೆಕ್ಕ ಬರಲ್ಲ ಬಿಡಪ್ಪ. ಪಿಯುಸಿಗೆ ಲೆಕ್ಕ ಇಲ್ಲದ್ದು ಯಾವುದಾದ್ರೂ ತಗೋತೀನಿ” ಎಂದು ಎದ್ದುಹೋದಳು. ಲೆಕ್ಕವಿಲ್ಲದ ವಿಷಯ ಓದುವುದರಲ್ಲಿ ತಪ್ಪೇನೂ ಇಲ್ಲ. ಇಷ್ಟಪಟ್ಟು ಓದುವುದು ಬೇರೆ. ಹೆದರಿ ಓಡಿಹೋಗಿ ಅಲ್ಲಿ ಸೇರಿಕೊಳ್ಳುವುದು ಬೇರೆ. ಹದಿನಾಲ್ಕು ವರ್ಷದ ಹುಡುಗಿ ಒಂದು ಆವರಣ ಚಿಹ್ನೆಗೆ ಹೆದರಿ ಇಡೀ ದಾರಿಯನ್ನೇ ಬಿಟ್ಟುಬಿಡುತ್ತಿದ್ದಾಳಲ್ಲ ಎಂದು ಹೊಟ್ಟೆಯಲ್ಲಿ ಸಂಕಟವಾಯಿತು.

ಆಗ ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದು ಮೆಲ್ಲಗೆ ಹೇಳಿದಳು: “ನೀವೂ ಎಂಟನೇ ಕ್ಲಾಸಿನಲ್ಲಿ ಇದನ್ನೇ ಬರೆದು ಬಂದಿದ್ರಂತೆ. ಮಾವ ಎಷ್ಟು ಸಲ ಹೇಳಿ ನಗ್ತಿದ್ರು. ಮರೆತುಹೋಯ್ತಾ?”

ಮರೆತಿರಲಿಲ್ಲ. ಅನುಕೂಲಕ್ಕೆ ಬದಿಗಿಟ್ಟಿದ್ದೆ.

ಅದು 1987. ನನ್ನ ಅಪ್ಪ ಗಾರೆ ಕೆಲಸದ ಮೇಸ್ತ್ರಿ. ಮೂರನೇ ಇಯತ್ತೆಗೆ ಓದು ಬಿಟ್ಟವರು. ಕನ್ನಡವನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದರು. ಆದರೆ ದಾರ, ಮಟ್ಟಗೋಲು, ಕರಣೆ ಕೈಗೆ ಬಂದರೆ ಅವರ ಮುಂದೆ ಯಾವ ಇಂಜಿನಿಯರೂ ಸ್ವಲ್ಪ ಹುಷಾರಾಗಿಯೇ ಮಾತನಾಡಬೇಕಿತ್ತು. ಪಾಯದ ಮೂಲೆ ನೇರವಾಗಿದೆಯೋ ಇಲ್ಲವೋ ನೋಡಲು ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿ ಗುರುತು ಹಾಕಿ, ನಡುವೆ ದಾರ ಹಿಡಿದು ಐದಡಿ ಬಂತೇ ಎಂದು ಅಳೆಯುತ್ತಿದ್ದರು. ಪೈಥಾಗೊರಸ್ ಹೆಸರನ್ನು ಅವರು ಕೇಳಿರಲಿಲ್ಲ.

ಆ ದಿನ ನನ್ನ ಮೇಷ್ಟ್ರೊಬ್ಬರು ಇದೇ ತಪ್ಪಿಗೆ, ಇದೇ ಅ² + 25ಕ್ಕೆ, ಇಡೀ ಪಿರಿಯಡ್ಡು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಸಂಜೆ ಮನೆಗೆ ಬಂದವನು ಊಟ ಬೇಡವೆಂದು ಮುಸುಕು ಹಾಕಿ ಮಲಗಿದ್ದೆ. ಅಪ್ಪ ಕೈಗೆ ಅಂಟಿದ ಸಿಮೆಂಟು ತೊಳೆದು ಬಂದು, “ಏನ್ಲಾ ಮಗ, ಏನಾಯ್ತು?” ಎಂದು ಕೇಳಿದರು. ಹಾಳೆ ತೋರಿಸಿದೆ.

“ಇದೇನು, ಅ?”

“ಒಂದು ಸಂಖ್ಯೆ ಕಣಪ್ಪ.”

“ಎಷ್ಟಡಿ?”

“ಎಷ್ಟಾದ್ರೂ ಆಗ್ಬೋದು.”

ಅಪ್ಪ ಒಂದು ಗಳಿಗೆ ಯೋಚಿಸಿ, “ಓ, ಮನೆ ಯಜಮಾನ ಇನ್ನೂ ತೀರ್ಮಾನ ಮಾಡಿಲ್ಲ ಅನ್ನು” ಎಂದರು.

ಚರಾಕ್ಷರ ಎಂದರೇನು ಎಂಬುದಕ್ಕೆ ಇಷ್ಟು ಚೆನ್ನಾದ ವಿವರಣೆಯನ್ನು ನಾನು ಆಮೇಲೆ ಯಾವ ಪುಸ್ತಕದಲ್ಲೂ ಓದಲಿಲ್ಲ. ಆ ಚಿಕ್ಕ ಎರಡು ಏನೆಂದು ಕೇಳಿದರು. ಅದೇ ಅಳತೆಯನ್ನು ಅದರಿಂದಲೇ ಗುಣಿಸುವುದು ಎಂದೆ. “ಉದ್ದಾನೂ ಅಷ್ಟೇ, ಅಗಲಾನೂ ಅಷ್ಟೇ. ಚದರ” ಎಂದರು. ಆವರಣದೊಳಗಿನ ಅ + 5 ಏನೆಂದು ಅವರೇ ಹೇಳಿಕೊಂಡರು: “ಇರೋ ಕೋಣೇನ ಎರಡೂ ಕಡೆಗೆ ಐದೈದಡಿ ಹೆಚ್ಚಿಸಿದ್ದಾರೆ.” ಅನಂತರ ನನ್ನ ಉತ್ತರವನ್ನು ಓದಿಸಿ ಕೇಳಿದರು. ಕೇಳಿದವರು ನಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದರು.

“ಈ ಲೆಕ್ಕ ನಂಗೆ ಗೊತ್ತು ಕಣ್ಲಾ. ಇದು ನನ್ನ ಒಂದು ಚದರ ಕೂಲಿ ತಿಂದಿದೆ.”

ಮೈಸೂರಿನವರಿಗೆ ಚದರ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನ ಓದುಗರಿಗಾಗಿ ಹೇಳುತ್ತೇನೆ. ನಮ್ಮ ಕಡೆ ಮನೆ ಕಟ್ಟುವವರ ಭಾಷೆಯಲ್ಲಿ ಒಂದು ಚದರ ಎಂದರೆ ಹತ್ತಡಿ ಉದ್ದ, ಹತ್ತಡಿ ಅಗಲದ ಜಾಗ, ಅಂದರೆ ನೂರು ಚದರ ಅಡಿ. ‘ಹನ್ನೆರಡು ಚದರದ ಮನೆ’ ಎಂದರೆ 1200 ಚದರ ಅಡಿ. ಕೂಲಿಯೂ ಚದರದ ಲೆಕ್ಕದಲ್ಲೇ.

ಅಪ್ಪ ಹೇಳಿದ್ದು ಇಷ್ಟು. ಅವರು ಇನ್ನೊಬ್ಬ ಮೇಸ್ತ್ರಿಯ ಕೈಕೆಳಗಿನಿಂದ ಬಿಡಿಸಿಕೊಂಡು ಸ್ವಂತವಾಗಿ ಹಿಡಿದ ಮೊದಲ ಗುತ್ತಿಗೆ ಅದು. ಒಬ್ಬರು ಓದಿದ ಯಜಮಾನರು ತಮ್ಮ ಮನೆಯ ಕೋಣೆಯೊಂದನ್ನು ದೊಡ್ಡದು ಮಾಡಿ, ನೆಲಕ್ಕೆ ಒಂದಡಿ ಚೌಕದ ಮೊಸಾಯಿಕ್ ಬಿಲ್ಲೆ ಹಾಕಿಸಬೇಕೆಂದಿದ್ದರು. ಗೋಡೆ ಇನ್ನೂ ಒಡೆದಿರಲಿಲ್ಲ. ಜಗಲಿಯ ಮೇಲೆ ಕೂತು, ಮದುವೆಯ ಕರೆಯೋಲೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದರಂತೆ. ‘ಈಗಿರುವ ಕೋಣೆ ಹತ್ತು-ಹತ್ತು, ಒಂದು ಚದರ. ಎರಡೂ ಕಡೆಗೆ ಐದೈದಡಿ ಜಾಸ್ತಿ ಮಾಡ್ತೀವಿ. ಐದೈದ್ಲೆ ಇಪ್ಪತ್ತೈದು, ಕಾಲು ಚದರ. ಒಟ್ಟು ಒಂದೂಕಾಲು ಚದರ. ಒಂದೂಕಾಲು ಚದರಕ್ಕೆ ಕೂಲಿ ಒಪ್ಪಿಕೋ.’ ಅಪ್ಪ ಒಪ್ಪಿಕೊಂಡರು. ಮಾತು ಆಯಿತು. ಯಜಮಾನರೇ ಬಿಲ್ಲೆ ತರಿಸಿದರು, ಒಡೆದುಹೋದರೆ ಇರಲಿ ಎಂದು ನಾಲ್ಕೈದು ಹೆಚ್ಚಾಗಿ.

ಬಿಲ್ಲೆ ಹಾಕುತ್ತಾ ಹೋದರು. ನೂರಿಪ್ಪತ್ತೈದು ಮುಗಿಯಿತು. ಕೋಣೆ ಮುಗಿದಿರಲಿಲ್ಲ. ಮುಗಿಯುವ ಮಾತಿರಲಿ, ಕಣ್ಣಳತೆಗೇ ಅರ್ಧಕ್ಕೆ ಹತ್ತಿರ ಬಾಕಿ ಇತ್ತು. ಹದಿನೈದು-ಹದಿನೈದಲೆ ಇನ್ನೂರಿಪ್ಪತ್ತೈದು. ನೂರು ಬಿಲ್ಲೆ ಕಡಿಮೆ. ಸರಿಯಾಗಿ ಒಂದು ಚದರ!

ಯಜಮಾನರು ಬಿಲ್ಲೆಯನ್ನೇನೋ ಮತ್ತೆ ತರಿಸಿದರು. ಕೂಲಿಯ ಮಾತು ಬಂದಾಗ, ‘ಒಂದೂಕಾಲು ಚದರಕ್ಕೆ ಒಪ್ಪಿಕೊಂಡಿದ್ದೀಯ, ಮಾತು ಅಂದ್ರೆ ಮಾತು’ ಎಂದರಂತೆ.

“ಮೋಸ ಮಾಡಿದ್ರಾ ಅಪ್ಪ?” ಎಂದು ನಾನು ಕೇಳಿದ್ದೆ.

“ಮೊದಲು ಮೋಸ ಅಲ್ಲ ಕಣ್ಲಾ. ಗೊತ್ತಿದ್ರೆ ಬಿಲ್ಲೆ ಅಷ್ಟೇ ಯಾಕೆ ತರಿಸ್ತಿದ್ರು? ಅವರಿಗೂ ಗೊತ್ತಿರಲಿಲ್ಲ. ಓದ್ದೋರು ಹೇಳ್ತಾವ್ರೆ, ಸರಿಯಾಗೇ ಇರ್ತದೆ ಅಂತ ನಾನು ಅನ್ಕಂಡೆ. ಗೊತ್ತಾದ ಮೇಲೆ ಕೊಡ್ಲಿಲ್ವಲ್ಲ, ಅದು ಬೇರೆ ಮಾತು.”

ಆ ರಾತ್ರಿ ಅಪ್ಪ ಒಲೆಯ ಬದಿಯಿಂದ ಇದ್ದಿಲು ತಂದು ನೆಲದ ಮೇಲೆ ಬರೆದರು. ದೊಡ್ಡದೊಂದು ಚೌಕ. ಅದರ ಒಂದು ಮೂಲೆಗೆ ಹಳೆಯ ಕೋಣೆ. ಎದುರು ಮೂಲೆಗೆ ಐದೈದಡಿಯ ಪುಟ್ಟ ಚೌಕ. “ನಿನ್ನ ಮೇಷ್ಟ್ರ ಲೆಕ್ಕದಲ್ಲಿ ನೀನು ಬರೆದಿರೋದು ಇವೆರಡು. ಇದು ಏನಾಯ್ತು?” ಎಂದು ಉಳಿದ ಜಾಗಕ್ಕೆ ಇದ್ದಿಲಿನಿಂದ ಗೀಚಿದರು. ಹಳೆಯ ಕೋಣೆಯ ಬಲಕ್ಕೊಂದು ಪಟ್ಟಿ, ಮೇಲಕ್ಕೊಂದು ಪಟ್ಟಿ. ಪ್ರತಿಯೊಂದೂ ಹತ್ತಡಿ ಉದ್ದ, ಐದಡಿ ಅಗಲ. ಐವತ್ತು, ಐವತ್ತು. ಎರಡೂ ಸೇರಿ ನೂರು. ಯಜಮಾನ ತೀರ್ಮಾನ ಮಾಡದಿದ್ದರೆ? ಪಟ್ಟಿಯ ಉದ್ದ ಅ, ಅಗಲ 5. ಒಂದಕ್ಕೆ 5ಅ, ಎರಡಕ್ಕೆ 10ಅ.

(ಅ + 5)² = ಅ² + 10ಅ + 25.

ಸೂತ್ರದಲ್ಲಿ ‘ಟೂ ಎ ಬಿ’ ಎಂದು ನಾವೆಲ್ಲ ಪಟಪಟನೆ ಹೇಳಿ ದಾಟಿಹೋಗುವ ಆ ನಡುವಿನ ಪದ ಅಪ್ಪ ಮಂಡಿಯೂರಿ ಕೂಲಿಯಿಲ್ಲದೆ ಹಾಕಿದ ನೂರು ಬಿಲ್ಲೆ. ಚದರಕ್ಕೆ ಆಗ ಕೂಲಿ ಎಷ್ಟಿತ್ತೆಂದು ಕೇಳಲು ನನಗೆ ತೋಚಲಿಲ್ಲ. ಈಗ ಕೇಳೋಣವೆಂದರೆ ಅವರಿಲ್ಲ.

ಇಷ್ಟೆಲ್ಲ ನೆನಪಾದ ಮೇಲೆ ಸುಮ್ಮನೆ ಕೂರುವುದಾಗಲಿಲ್ಲ. ಮಗಳ ಕೋಣೆಗೆ ಹೋಗಿ, “ಪುಟ್ಟಿ, ತಾತನ ಒಂದು ಕತೆ ಹೇಳ್ತೀನಿ ಬಾ” ಎಂದೆ. ಲೆಕ್ಕವೆಂದಿದ್ದರೆ ಬರುತ್ತಿರಲಿಲ್ಲ. ಈಗಿನ ಮನೆಯಲ್ಲಿ ಇದ್ದಿಲು ಎಲ್ಲಿಂದ ಬರಬೇಕು? ರಂಗೋಲಿ ಡಬ್ಬಿ ತೆಗೆದುಕೊಂಡೆ. ನಡುಮನೆಯ ನೆಲದ ಮೇಲೆ ಚೌಕ ಬರೆಯುವುದನ್ನು ನೋಡಿ ಹೆಂಡತಿ, “ಹೊತ್ತು ಮುಳುಗಿದ ಮೇಲೆ ಅದೇನು ರಂಗೋಲಿ?” ಎಂದಳು. ಆದರೂ ಅವಳೂ ಬಂದು ಕೂತಳು.

ಮಗಳು ಕತೆ ಮುಗಿಯುವವರೆಗೆ ಮಾತಾಡಲಿಲ್ಲ. ಆಮೇಲೆ ಅವಳ ಮೊದಲ ಪ್ರಶ್ನೆ, “ಹಾಗಾದ್ರೆ ನಾನು ಬರೆದಿದ್ದು ಯಾವಾಗ್ಲೂ ತಪ್ಪಾ?” ಎಂಬುದು. ಈ ಪ್ರಶ್ನೆ ನನಗೆ ಬಹಳ ಹಿಡಿಸಿತು. ಹಳೆಯ ಕೋಣೆಯೇ ಇಲ್ಲದಿದ್ದರೆ, ಅಂದರೆ ಅ ಸೊನ್ನೆಯಾದರೆ, ಅವಳ ಉತ್ತರವೂ ಸರಿಯೇ. ಎರಡು ಕಡೆಯೂ 25. ಬೇರೆ ಯಾವ ಬೆಲೆಗೂ ಅಲ್ಲ.

“ಉತ್ತರ ಸರಿಯೋ ತಪ್ಪೋ ಅನುಮಾನ ಬಂದರೆ ಅ ಜಾಗದಲ್ಲಿ ಒಂದು ಸಂಖ್ಯೆ ಹಾಕಿ ನೋಡು, ಯಾರನ್ನೂ ಕೇಳಬೇಡ” ಎಂದೆ. ತಕ್ಷಣ ಅವಳು ಎರಡನೆಯ ಲೆಕ್ಕಕ್ಕೆ ಹಾರಿದಳು. 3ಅ² + 5ಅ ಎಂಬಲ್ಲಿ ಅ ಬದಲು 1 ಹಾಕಿದಳು. 3 + 5 = 8. ತನ್ನ 8ಅ³ಕ್ಕೂ 1 ಹಾಕಿದಳು. ಅದೂ 8! “ನೋಡಪ್ಪ, ಸರಿ ಇದೆ, ಮಾರ್ಕ್ಸ್ ಕೊಟ್ಟಿಲ್ಲ ಅಷ್ಟೆ” ಎಂದು ಕುಣಿದಳು. ಒಂದು ಗಳಿಗೆ ನನಗೇ ಗಲಿಬಿಲಿಯಾಯಿತು. ಒಂದು ಎಂಬ ಸಂಖ್ಯೆ ಹೀಗೆ ಎಲ್ಲರ ತಪ್ಪನ್ನೂ ಮುಚ್ಚಿಹಾಕುವ ದಾಕ್ಷಿಣ್ಯಸ್ವಭಾವದ್ದು. ಅದನ್ನು ಎಷ್ಟು ಸಲ ಅದರಿಂದಲೇ ಗುಣಿಸಿದರೂ ಒಂದೇ. ಎರಡನ್ನು ಹಾಕು ಎಂದೆ. 3ಅ² ಎಂದರೆ 12, 5ಅ ಎಂದರೆ 10, ಒಟ್ಟು 22. ಇತ್ತ 8ಅ³ ಎಂದರೆ 64. ಕುಣಿತ ನಿಂತಿತು.

“ಹಾಗಾದ್ರೆ ಉತ್ತರ ಏನು?”

“ನೀನು ಬಂದು ನಿಂತಿದ್ದೆಯಲ್ಲ, ಅದೇ.”

“ಅದು ಒಂದೇ ಆಗಿಲ್ವಲ್ಲಪ್ಪ, ನಡುವೆ ಪ್ಲಸ್ಸು ಹಾಗೇ ಇದೆ!”

ಮಕ್ಕಳ ತೊಂದರೆ ಎಲ್ಲಿದೆ ಎಂಬುದು ನನಗೆ ಹೊಳೆದಿದ್ದು ಆಗ. ಒಂದನೇ ತರಗತಿಯಿಂದ ಅವರು ಕೂಡುವ ಚಿಹ್ನೆ ಕಂಡಲ್ಲೆಲ್ಲ ಕೂಡಿ, ಒಂದೇ ಉತ್ತರ ತಂದು, ಕೆಳಗೆ ಎರಡು ಗೆರೆ ಎಳೆದು ಬಂದವರು. ಇದ್ದಕ್ಕಿದ್ದಂತೆ ಎಂಟನೇ ತರಗತಿಯಲ್ಲಿ ‘ಇಲ್ಲಿಗೇ ನಿಲ್ಲಿಸು, ಇದೇ ಉತ್ತರ’ ಎಂದರೆ ಕೆಲಸ ಅರ್ಧಕ್ಕೆ ಬಿಟ್ಟಂತೆ ಅನ್ನಿಸದೆ ಇದ್ದೀತೆ? ಸಜಾತಿ ಪದ, ವಿಜಾತಿ ಪದ ಎಂದು ಪಟ್ಟಿ ಬರೆಸುತ್ತೇವೆ. ವಿಜಾತಿ ಏಕೆ ಎಂದು ಹೇಳುವುದಿಲ್ಲ. ಕೆಲವರು ಸೇಬಿಗೆ ಕಿತ್ತಳೆ ಕೂಡಿಸಲಾಗದು ಎನ್ನುತ್ತಾರೆ. ನನಗೆ ಆ ಉದಾಹರಣೆ ಒಪ್ಪಿಗೆಯಿಲ್ಲ. ಅ ಹಣ್ಣಲ್ಲ, ಅದೊಂದು ಸಂಖ್ಯೆ. ಸೇಬಿಗೆ ಸೇಬು ಗುಣಿಸಿದರೆ ಏನು ಬರುತ್ತದೆಂದು ಮಗು ಕೇಳಿದರೆ ಹೇಳುವವರ ಬಾಯಿ ಕಟ್ಟಿಹೋಗುತ್ತದೆ.

ದೇವರಾಜ ಮಾರುಕಟ್ಟೆಯ ಮಾತು ತೆಗೆದೆ. ಹೂವಿನವಳ ಹತ್ತಿರ ಐದು ಮೊಳ ಮಲ್ಲಿಗೆ ಕೊಂಡೆ. ಮೊಳ ಉದ್ದದ ಅಳತೆ. ಮನೆಯಲ್ಲಿ ಮೂರು ಚದರ ನೆಲವಿದೆ. ಚದರ ನೆಲದ ಅಳತೆ, ಉದ್ದ ಅಗಲ ಎರಡೂ ಸೇರಿದ್ದು. ಮೂರು ಚದರ ನೆಲಕ್ಕೆ ಐದು ಮೊಳ ಮಲ್ಲಿಗೆ ಕೂಡಿಸಿದರೆ ಎಂಟು ಏನಾದೀತು? ಅ ಗೆರೆಯಾದರೆ ಅ² ನೆಲ. ಮೂರು ನೆಲಕ್ಕೆ ಐದು ನೆಲ ಸೇರಿದರೆ ಎಂಟು ನೆಲ. ನಾಲ್ಕು ಗೆರೆಗೆ ಒಂದು ಗೆರೆ ಸೇರಿದರೆ ಐದು ಗೆರೆ. ನೆಲಕ್ಕೆ ಗೆರೆ ಸೇರುವುದಿಲ್ಲ. ಹಾಗಾಗಿ ಅಲ್ಲೇ ನಿಲ್ಲಬೇಕು. “ಮತ್ತೆ ತಾತನ ಲೆಕ್ಕದಲ್ಲಿ ಅ² ಜೊತೆ 10ಅ ಇತ್ತಲ್ಲ?” ಎಂದಳು. ಜಾಣೆ! ಅಲ್ಲಿ ಹತ್ತೂ ಅಡಿಯೇ, ಅದರಿಂದ 10ಅ ಕೂಡ ನೆಲವೇ. ಆದರೂ ಯಜಮಾನ ಅ ಎಷ್ಟೆಂದು ಹೇಳುವವರೆಗೆ ಅ ಉದ್ದದ ಪಟ್ಟಿಯಲ್ಲಿ ಎಷ್ಟು ಬಿಲ್ಲೆ, ಅ ಚೌಕದಲ್ಲಿ ಎಷ್ಟು ಬಿಲ್ಲೆ ಎಂದು ಒಟ್ಟುಮಾಡುವ ಹಾಗಿಲ್ಲ. ಬರೆದು ಇಟ್ಟುಕೊಂಡು ಕಾಯಬೇಕು.

(3ಅ)² ಲೆಕ್ಕಕ್ಕೆ ನಮ್ಮ ಊರೇ ಪಾಠ ಹೇಳುತ್ತದೆ. 1903ರಲ್ಲಿ ನಗರ ಅಭಿವೃದ್ಧಿ ಟ್ರಸ್ಟ್ ಬೋರ್ಡ್ ಆದಂದಿನಿಂದ ಬಡಾವಣೆ ಬಡಾವಣೆಯಾಗಿ ಅಳೆದು ಬೆಳೆದ ಊರಿದು. ಮೂವತ್ತು-ನಲವತ್ತು ಎಂದರೆ ಇಲ್ಲಿನ ಮಕ್ಕಳಿಗೂ ನಿವೇಶನವೆಂದು ಗೊತ್ತು. 30×40 ಎಂದರೆ 12 ಚದರ. ಎರಡು ಅಳತೆಯನ್ನೂ ದ್ವಿಗುಣ ಮಾಡಿ 60×80 ಎಂದರೆ ಎಷ್ಟು? ಮಗಳು 24 ಎಂದಳು. ಹೆಂಡತಿ, “ನಲವತ್ತೆಂಟು ಕಣೇ” ಎಂದಳು, ಜಾಹೀರಾತು ನೋಡಿ ನೋಡಿ ಬಂದ ಜ್ಞಾನ. ಒಂದು ಕಡೆ ಮಾತ್ರ ದ್ವಿಗುಣವಾದರೆ 24. ಎರಡೂ ಕಡೆ ಆದರೆ ನಾಲ್ಕು ಪಟ್ಟು. ಹಾಗೆಯೇ ಬದಿ ಮೂರು ಪಟ್ಟಾದರೆ ನೆಲ ಒಂಬತ್ತು ಪಟ್ಟು, (3ಅ)² ಎಂದರೆ 9ಅ². 3ಅ² ಎಂದರೆ ಪಕ್ಕಪಕ್ಕದಲ್ಲಿ ಮೂರೇ ಚೌಕ. ಆವರಣ ಹಾಕುವುದು ಅಂದಕ್ಕಲ್ಲ.

ಆವರಣದ ಮಹಿಮೆ ಋಣಚಿಹ್ನೆಯಲ್ಲೂ ಉಂಟು. (−3)² ಎಂದರೆ 9. −3² ಎಂದರೆ −9. ಇದನ್ನು ರಂಗೋಲಿಯಲ್ಲಿ ತೋರಿಸುವ ದಾರಿ ನನಗೆ ಹೊಳೆಯಲಿಲ್ಲ. ವರ್ಗ ಮೊದಲು, ಚಿಹ್ನೆ ಆಮೇಲೆ ಎಂದು ಹೇಳಿ ದಾಟಿದೆ. ಅದರ ಫಲ ಮುಂದೆ ಕಾಣಿಸಿತು.

ಅಲ್ಲಿಂದ ಮುಂದೆ ಒಂದಷ್ಟು ದಿನ ಅವಳಿಗಿಂತ ನನಗೇ ಇದರ ಹುಚ್ಚು ಹೆಚ್ಚಾಯಿತು. ಸಿಕ್ಕ ಪುಸ್ತಕಗಳನ್ನು ತಿರುವಿ ಹಾಕಿದೆ. 1150ರಲ್ಲಿ ‘ಸಿದ್ಧಾಂತ ಶಿರೋಮಣಿ’ ಬರೆದ ಭಾಸ್ಕರಾಚಾರ್ಯರು ಅದರ ಬೀಜಗಣಿತ ಭಾಗದಲ್ಲಿ ಗೊತ್ತಿಲ್ಲದ ಸಂಖ್ಯೆಯನ್ನು ‘ಯಾವತ್ತಾವತ್’ ಎನ್ನುತ್ತಾರೆ. ಎಷ್ಟೋ ಅಷ್ಟು ಎಂದರ್ಥ. ನಮ್ಮ ಅಪ್ಪನ ‘ಯಜಮಾನ ಇನ್ನೂ ತೀರ್ಮಾನ ಮಾಡಿಲ್ಲ’ ಇದೇ ಅಲ್ಲವೇ! ಎರಡನೆಯ, ಮೂರನೆಯ ಅವ್ಯಕ್ತಗಳಿಗೆ ಕಾಲಕ, ನೀಲಕ ಎಂದು ಬಣ್ಣಗಳ ಹೆಸರು. ಬರೆಯುವಾಗ ಯಾವತ್ತಾವತ್‌ಗೆ ‘ಯಾ’, ವರ್ಗಕ್ಕೆ ‘ವ’. ಹಾಗಾಗಿ ಅ² ಎಂಬುದು ಅವರಲ್ಲಿ ‘ಯಾವ’. ಕನ್ನಡದ ಮಗುವಿಗೆ ಇದನ್ನು ಹೇಳಿದರೆ ಬಿಡುತ್ತದೆಯೇ? “ಯಾವ ಅಂದ್ರೆ ಯಾವ?” ಎಂದು ಮಗಳು ಎರಡು ದಿನ ನಕ್ಕಳು.

ಇನ್ನೂ ಹಿಂದೆ ಹೋದರೆ ಒಂಬತ್ತನೇ ಶತಮಾನದ ಬಾಗ್ದಾದ್. ಆಲ್ಜೀಬ್ರಾ ಎಂಬ ಹೆಸರು ಹುಟ್ಟಿದ್ದೇ ಅಲ್ಲಿನ ಅಲ್ ಖ್ವಾರಿಜ್ಮಿಯ ಪುಸ್ತಕದ ಶೀರ್ಷಿಕೆಯಲ್ಲಿರುವ ‘ಅಲ್ ಜಬ್ರ್’ ಎಂಬ ಪದದಿಂದ. ಅವನ ಪ್ರಸಿದ್ಧ ಲೆಕ್ಕವೊಂದನ್ನು ನೋಡಿ ನನ್ನ ಮೈ ಜುಮ್ಮೆಂದಿತು. ನಮ್ಮ ಬರವಣಿಗೆಯಲ್ಲಿ ಅದು ಅ² + 10ಅ = 39. ಅವನು ಬಿಡಿಸಿ ತೋರಿಸುವ ಬಗೆ ಹೀಗೆ: ಅ ಬದಿಯ ಒಂದು ಚೌಕ. 10ಅ ಅನ್ನು ಎರಡು ಪಟ್ಟಿ ಮಾಡಿ ಚೌಕದ ಎರಡು ಬದಿಗೆ ಹಚ್ಚು. ಒಂದೊಂದೂ ಅ ಉದ್ದ, 5 ಅಗಲ. ಈಗ ಒಂದು ಮೂಲೆ ಮಾತ್ರ ಖಾಲಿ. ಐದೈದಲೆ ಇಪ್ಪತ್ತೈದು. ಅದನ್ನು ತುಂಬಿದರೆ ಪೂರ್ಣ ಚೌಕ, 39 + 25 = 64. ಬದಿ 8. ಅದರಲ್ಲಿ 5 ಕಳೆದರೆ ಅ = 3.

ಅದೇ ಚಿತ್ರ! ಅಪ್ಪನ ಇದ್ದಿಲಿನ ಕೋಣೆ. ನಮ್ಮ ಯಜಮಾನರು ಮೂಲೆಯನ್ನು ಎಣಿಸಿ ಪಟ್ಟಿ ಮರೆತರು. ಅಲ್ ಖ್ವಾರಿಜ್ಮಿ ಪಟ್ಟಿಗಳನ್ನು ಇಟ್ಟು ಮೂಲೆಯನ್ನು ಹುಡುಕುತ್ತಾನೆ. ವರ್ಗ ಪೂರ್ಣಗೊಳಿಸುವ ವಿಧಾನ ಎಂದು ಮುಂದಿನ ತರಗತಿಯಲ್ಲಿ ಮಕ್ಕಳು ಬೆವರುವ ಪಾಠ ಇಷ್ಟೇ. ಮಗಳು ಒಂದು ಹೆಜ್ಜೆ ಮುಂದೆ ಹೋದಳು. 64ಕ್ಕೆ ವರ್ಗಮೂಲ −8 ಕೂಡ ಅಲ್ಲವೇ ಎಂದಳು. ಹೌದು, ಆಗ ಅ = −13. ತಾಳೆ ನೋಡಿದಳು: 169 − 130 = 39. ಸರಿಹೋಯಿತು. ಹಾಗೆಂದು ಮೈನಸ್ ಹದಿಮೂರು ಅಡಿಯ ಕೋಣೆಗೆ ಬಿಲ್ಲೆ ಹಾಕುವವರು ಯಾರು? ಲೆಕ್ಕಕ್ಕೆ ಎರಡು ಉತ್ತರ, ಮನೆಗೆ ಒಂದೇ.

ಬಾಗ್ದಾದಿನವರೆಗೆ ಹೋಗಬೇಕಾಗಿಯೂ ಇರಲಿಲ್ಲ. ಅದೇ ಶತಮಾನದಲ್ಲಿ ಇಲ್ಲಿ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ಬರೆದರು. ಪುಸ್ತಕದ ಮೊದಲಿಗೆ ಆ ಅರಸನ ಹೊಗಳಿಕೆ ಇದೆ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಂದಿಗೆ ಅದು ಅಚ್ಚಾಯಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಗಣಿತ ಕಲಿಸಿದ ಪದ್ಮಾವತಮ್ಮನವರು ಮಾಡಿದ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದ ಬಂತು. ಕನ್ನಡದಲ್ಲೇ ಪದ್ಯ ಕಟ್ಟಿ ಗಣಿತ ಬರೆದ ರಾಜಾದಿತ್ಯ ಹನ್ನೆರಡನೇ ಶತಮಾನದವನು. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಎಂಬ ಹೆಸರುಗಳೇ ಅವನಿಗೆ ಅಂಗಡಿ, ಹೊಲ ಎರಡರ ಮೇಲೂ ಕಣ್ಣಿತ್ತೆಂದು ಹೇಳುತ್ತವೆ.

ಮಹಾವೀರಾಚಾರ್ಯರ ಒಂಟೆಯ ಲೆಕ್ಕ ನಮ್ಮ ಮನೆಯಲ್ಲಿ ಒಂದು ಭಾನುವಾರ ಪೂರ್ತಿ ತಿಂದಿತು. ಒಂದು ಒಂಟೆ ಹಿಂಡಿನ ಕಾಲುಭಾಗ ಕಾಡಿನಲ್ಲಿದೆ. ಹಿಂಡಿನ ವರ್ಗಮೂಲದ ಎರಡರಷ್ಟು ಬೆಟ್ಟದ ತಪ್ಪಲಿಗೆ ಹೋಗಿವೆ. ಉಳಿದ ಹದಿನೈದು ಹೊಳೆಯ ದಡದಲ್ಲಿವೆ. ಹಿಂಡು ಎಷ್ಟು? ದಸರೆಯ ದಿನಗಳಲ್ಲಿ ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಂಡು ತಿರುಗುವ ಒಂಟೆಯನ್ನಷ್ಟೇ ಕಂಡ ಮಗಳಿಗೆ ಒಂಟೆಗೆ ವರ್ಗಮೂಲವಿದೆ ಎಂಬುದೇ ತಮಾಷೆ. ಅವಳು ಮೊದಲು ಹಿಂಡಿಗೆ ಅ ಎಂದಿಟ್ಟು ವರ್ಗಮೂಲದ ಚಿಹ್ನೆಯಲ್ಲಿ ಸಿಕ್ಕಿಹಾಕಿಕೊಂಡಳು. ಹಿಂಡನ್ನೇ ಅ² ಎಂದಿಟ್ಟುಕೋ ಎಂದೆ. ವರ್ಗಮೂಲ ಆಗ ಬರೀ ಅ.

ಅ²ದ ಕಾಲುಭಾಗ, 2ಅ, 15, ಇವು ಮೂರೂ ಸೇರಿ ಅ². ಎಲ್ಲವನ್ನೂ ನಾಲ್ಕರಿಂದ ಗುಣಿಸಿದರೆ ಅ² + 8ಅ + 60 = 4ಅ². ಒಂದು ಕಡೆಗೆ ತಂದರೆ 3ಅ² − 8ಅ − 60 = 0. ಅಪವರ್ತಿಸಿದರೆ (3ಅ + 10)(ಅ − 6) = 0. ಎರಡನ್ನು ಗುಣಿಸಿ ಸೊನ್ನೆ ಬಂದಿದೆಯೆಂದರೆ ಎರಡರಲ್ಲಿ ಒಂದಾದರೂ ಸೊನ್ನೆ. ಅ = 6. ಹಿಂಡಿನಲ್ಲಿ 36 ಒಂಟೆ. ಕಾಡಿನಲ್ಲಿ 9, ಬೆಟ್ಟದಲ್ಲಿ 12, ಹೊಳೆಯ ಬಳಿ 15. ಕೂಡಿದರೆ 36.

ಇನ್ನೊಂದು ಉತ್ತರವನ್ನು ಅವಳು ಬಿಡಲಿಲ್ಲ. 3ಅ + 10 = 0 ಆದರೆ ಅ ಎಂದರೆ −10/3. ಅದರ ವರ್ಗ 100/9. ಅಂದರೆ ಹನ್ನೊಂದು ಒಂಟೆ, ಜೊತೆಗೆ ಒಂದು ಒಂಟೆಯ ಒಂಬತ್ತನೇ ಒಂದು ಭಾಗ. “ಬಾಲ ಇರ್ಬೇಕು” ಎಂದಳು. ಋಣಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂಬುದನ್ನೂ ಮಹಾವೀರಾಚಾರ್ಯರು ಆಗಲೇ ಹೇಳಿಟ್ಟಿದ್ದಾರೆ. ಒಂಟೆಯ ಬಾಲದ ಬಗ್ಗೆ ಏನೂ ಹೇಳಿಲ್ಲ.

ಇಷ್ಟಾಗಿ ಮಗಳಿಗೆ ನೂರಕ್ಕೆ ನೂರು ಬಂತೆಂದು ಬರೆದರೆ ಸುಳ್ಳಾದೀತು. ಮುಂದಿನ ಕಿರುಪರೀಕ್ಷೆಯಲ್ಲಿ 25ಕ್ಕೆ 17. −ಅ² ಇದ್ದ ಕಡೆ ಅ ಬದಲು 4 ಹಾಕಿ 16 ಎಂದು ಬರೆದಿದ್ದಳು. ನಾನು ಅವಸರದಲ್ಲಿ ದಾಟಿಸಿದ ಜಾಗ ಅದು. ಆ ಅಂಕ ಕಳೆದದ್ದು ನನ್ನ ಲೆಕ್ಕಕ್ಕೇ ಸೇರಬೇಕು. (2ಅ + 3)² ಮಾತ್ರ ಸರಿಯಾಗಿತ್ತು: 4ಅ² + 12ಅ + 9. ಅದರ ಪಕ್ಕದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಒಂದು ಚೌಕ ಬಿಡಿಸಿ, ಒಳಗೆ ಎರಡು ಪಟ್ಟಿಗೆ ಗೀಚಿ ಬಣ್ಣ ತುಂಬಿದ್ದಳು. ಅದರ ಸುತ್ತ ಮೇಷ್ಟ್ರು ಕೆಂಪು ಶಾಯಿಯಲ್ಲಿ ಸೊನ್ನೆ ಸುತ್ತಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು.

“ಕೇಳಿದ್ರಾ ಇದೇನು ಅಂತ?”

“ಹ್ಞೂಂ. ನಮ್ಮ ತಾತನ ಕೂಲಿ ಸಾರ್ ಅಂದೆ.”

“ಅದಕ್ಕೆ?”

“ಬೋರ್ಡ್ ಮೇಲೆ ಬಿಡಿಸಿ ತೋರಿಸು ಅಂದ್ರು. ಬಿಡಿಸಿದೆ. ಹಿಂದಿನ ಬೆಂಚಿನ ಹುಡುಗ ಒಬ್ಬ, ಆಮೇಲೆ ಆ ದುಡ್ಡು ಕೊಟ್ರಾ ಅಂತ ಕೇಳ್ದ.”

“ನೀನೇನು ಹೇಳ್ದೆ?”

“ಇಲ್ಲ ಅಂದೆ. ಕೊಟ್ಟಿಲ್ಲ ತಾನೆ?”

ಕೊಟ್ಟಿಲ್ಲ ಎಂದು ಹೇಳಿ, ಉತ್ತರಪತ್ರಿಕೆಗೆ ಸಹಿ ಹಾಕಿದೆ.